ಬೀಗರ ಗಾಡಿ

ಹಳದೀಪುರದ ನಾಗಪತಿಯ ಕಾರು ಎಲ್ಲಾದರೂ ಕೆಟ್ಟು ನಿಂತರೆ ಆ ಸುದ್ದಿ ಮೊದಲು ಮುಟ್ಟುವುದು ಅವನ ಹೆಂಡತಿ ಮಾಲಿನಿಗಲ್ಲ, ಕರ್ಕಿಯ ಮೆಕ್ಯಾನಿಕ್ ಸೋಮನಿಗೂ ಅಲ್ಲ. ಭಟ್ಕಳ ಕುಮಟೆಯ ನಡುವೆ ಓಡಾಡುವ ಬಸ್ಸುಗಳ ಕಂಡಕ್ಟರುಗಳಿಗೆ. ನಾಗಪತಿ ತನ್ನ ಸರ್ವಿಸ್ ಪೂರ್ತಿ ಅದೇ ದಾರಿಯಲ್ಲಿ ಟಿಕೆಟ್ ಹರಿದವನು. ನಿವೃತ್ತನಾದ ದಿನ ಕೊರಳಿಗೆ ಹಾರ ಹಾಕಿಸಿಕೊಂಡು, ಇನ್ನು ಮೇಲೆ ತಾನು ಬಸ್ಸಿನ ಮೆಟ್ಟಿಲು ತುಳಿಯುವುದಿಲ್ಲ, ತಿರುಗುವುದಿದ್ದರೆ ಸ್ವಂತ ಕಾರಿನಲ್ಲೇ ಎಂದು ಭಾಷಣ ಮಾಡಿದ್ದ. ಆ ಭಾಷಣವನ್ನು ಒಬ್ಬರೂ ಮರೆತಿರಲಿಲ್ಲ. ಹೆದ್ದಾರಿಯ ಬದಿಯಲ್ಲಿ ಬಾನೆಟ್ ಎತ್ತಿಕೊಂಡ ಬಿಳಿ ಕಾರು ಕಂಡಿತೆಂದರೆ ಬಸ್ಸು ತಾನಾಗಿ ನಿಧಾನವಾಗುತ್ತಿತ್ತು. ಇವನ ಕೈಕೆಳಗೆ ಕೆಲಸ ಕಲಿತ ಕಂಡಕ್ಟರ್ ಶನಿಯಾರ ಬಾಗಿಲಿನಿಂದ ಅರ್ಧ ಹೊರಗೆ ಬಾಗಿ, ನಾಗಪತಣ್ಣ ಬರ್ತ್ರಾ, ಸೀಟು ಖಾಲಿ ಅದೆ ಎಂದು ಬಹಳ ಮರ್ಯಾದೆಯಿಂದ ಕೇಳುತ್ತಿದ್ದ. ಕಿಟಕಿಗಳಲ್ಲಿ ಸಾಲಾಗಿ ಹಲ್ಲುಗಳು ಕಾಣುತ್ತಿದ್ದವು. ನಾಗಪತಿ ಎಂಜಿನ್ನಿನೊಳಗೆ ಏನೋ ಬಿದ್ದುಹೋಗಿದೆ ಎಂಬಂತೆ ತಲೆ ತೂರಿಸಿ, ಬಸ್ಸು ಹೋಗುವವರೆಗೂ ಹೊರಗೆ ತೆಗೆಯುತ್ತಿರಲಿಲ್ಲ.

ಆ ಕಾರಿನ ಕಂಪನಿಯ ಹೆಸರು ಇಲ್ಲಿ ಬೇಡ. ತಪ್ಪು ಕಂಪನಿಯದ್ದಲ್ಲ, ವಯಸ್ಸಿನದ್ದು. ಬಿಸಿಲು ಬಂದರೆ ಅದಕ್ಕೆ ಮೈ ಬಿಸಿಯಾಗುತ್ತಿತ್ತು, ಮಳೆ ಬಂದರೆ ಶೀತವಾಗುತ್ತಿತ್ತು, ಎರಡೂ ಇಲ್ಲದ ಹಿತವಾದ ದಿನಗಳಲ್ಲಿ ನಿದ್ದೆ ಬರುತ್ತಿತ್ತು. ಹಿಂದಿನ ಎಡ ಬಾಗಿಲು ಒಳಗಿನಿಂದ ತೆಗೆಯಲು ಬಾರದು, ಬಲ ಬಾಗಿಲು ಹೊರಗಿನಿಂದ ತೆಗೆಯಲು ಬಾರದು. ಹಾಗಾಗಿ ಹಿಂದೆ ಕೂತವರು ಇಳಿಯಬೇಕಾದರೆ ಹತ್ತುವವರೊಬ್ಬರು ಬರುವವರೆಗೆ ಕಾಯಬೇಕು, ಇಲ್ಲವೇ ಮಗ್ಗುಲು ಬದಲಿಸಬೇಕು. ಸೋಮ ಪ್ರತಿ ಸಲವೂ ಬೇರೆ ಬೇರೆ ಕಾಯಿಲೆ ಹೇಳುತ್ತಿದ್ದ. ಮೊದಲು ಬ್ಯಾಟರಿ ಎಂದ, ಆಮೇಲೆ ಸೆಲ್ಫ್ ಮೋಟರ್ ಎಂದ, ಆಮೇಲೆ ಪೆಟ್ರೋಲ್ ಪಂಪ್ ಎಂದ, ರೇಡಿಯೇಟರ್ ಎಂದ. ಹೀಗೆ ಒಂದೊಂದೇ ಬದಲಾಯಿಸುತ್ತ ಹೋದರೆ ಕೊನೆಗೊಂದು ದಿನ ಹೊಸ ಕಾರೇ ಆಗುತ್ತದಲ್ಲ ಎಂಬುದು ಅವನ ಸಮಾಧಾನ. ಅವನ ಗ್ಯಾರೇಜಿಗೆ ಈ ಮಧ್ಯೆ ಹೊಸ ತಗಡಿನ ಮಾಡು ಬಂದಿತ್ತು. ಅದರ ಕೆಳಗೆ ಹೋಗುವಾಗಲೆಲ್ಲ ಮಾಲಿನಿ ಮನೆಯ ಯಜಮಾನಿಯಂತೆ ಮೇಲೆ ನೋಡುತ್ತಿದ್ದಳು.

ಇಂಥದ್ದನ್ನು ಕೊಳ್ಳುವಾಗ ನಾಗಪತಿ ಕಣ್ಣು ಮುಚ್ಚಿಕೊಂಡಿದ್ದನೇ ಎಂದು ಯಾರಾದರೂ ಕೇಳಬಹುದು. ಹೌದು, ಮುಚ್ಚಿಕೊಂಡೇ ಇದ್ದ. ಯಾಕೆಂದರೆ ಅದು ಬೀಗರ ಗಾಡಿ.

ಒಬ್ಬಳೇ ಮಗಳು ಸುಪ್ರಿಯಾಳನ್ನು ಭಟ್ಕಳದಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ ಶ್ರೀನಾಥರ ಹಿರಿಮಗ ಪ್ರಕಾಶನಿಗೆ ಕೊಟ್ಟಿದ್ದ. ಮದುವೆಯಾದ ಕೆಲವು ತಿಂಗಳಿಗೆ ಶ್ರೀನಾಥರು ದೊಡ್ಡ ಹೊಸ ಕಾರು ತಂದರು. ಅದನ್ನು ನೋಡಿ ಹೊಗಳಿ ಬರಲೆಂದು ಹೋದ ನಾಗಪತಿಗೆ ಬಂಗಡೆ ಸಾರಿನ ಊಟ ಹಾಕಿ, ಕೈ ತೊಳೆಯುವ ಮೊದಲೇ, ಹಳೇ ಗಾಡಿಯನ್ನು ಹೊರಗಿನವರಿಗೆ ಕೊಡಲು ಮನಸ್ಸಿಲ್ಲ, ನಿಮಗಾಗಿಯೇ ಇಟ್ಟುಕೊಂಡಿದ್ದೇನೆ ಎಂದುಬಿಟ್ಟರು. ಎಂಜಲು ಕೈಯಲ್ಲಿ ಕೂತ ಹೆಣ್ಣಿನ ತಂದೆ ಏನು ಹೇಳಿಯಾನು? ಒಂದು ಸುತ್ತು ಓಡಿಸಿ ನೋಡುತ್ತೇನೆ ಎಂದರೆ ಬೀಗರ ಮೇಲೆ ಸಂಶಯಪಟ್ಟಂತೆ. ಮೆಕ್ಯಾನಿಕ್ಕನ್ನು ಕರೆತಂದು ತೋರಿಸುತ್ತೇನೆ ಎಂದರೆ ಸಂಬಂಧವನ್ನೇ ಗ್ಯಾರೇಜಿಗೆ ಹಾಕಿದಂತೆ. ಸೋಮನಿಗೆ ತೋರಿಸಲಾರದ ನಾಗಪತಿ ಕಾರನ್ನು ದೇವಿಗೆ ತೋರಿಸಿದ. ಊರ ಗುಡಿಯಲ್ಲಿ ಪ್ರಸಾದ ಕೇಳಿಸಿದ. ಭಟ್ಟರು ಮೂರ್ತಿಯ ಎಡಬಲಕ್ಕೆ ಹೂವಿನ ಎಸಳು ಅಂಟಿಸಿದರು, ಇವನು ಕೈಮುಗಿದು ನಿಂತ, ಬಲಗಡೆಯ ಎಸಳು ತಡಮಾಡದೆ ಉದುರಿತು. ಬಲಕ್ಕೆ ಪ್ರಸಾದ ಆಯಿತೆಂದರೆ ಮುಗಿಯಿತು, ಮತ್ತೆ ಎದುರು ಮಾತಿಲ್ಲ.

ಅವನು ದೇವಿಯಲ್ಲಿ ಕೇಳಿದ್ದೇನೆಂದು ಮಾಲಿನಿಗೆ ಆಮೇಲೆ ಗೊತ್ತಾಯಿತು. ಬೀಗರ ಮಾತು ನಡೆಸಿಕೊಡಲೋ ಬೇಡವೋ ಎಂದು ಕೇಳಿದ್ದನಂತೆ. ಕಾರು ಓಡುತ್ತದೋ ಇಲ್ಲವೋ ಎಂಬ ಪ್ರಶ್ನೆಯನ್ನು ದೇವಿಯ ಮುಂದೆ ಇಟ್ಟೇ ಇರಲಿಲ್ಲ. ಕೇಳದ್ದಕ್ಕೆ ಅವಳಾದರೂ ಯಾಕೆ ಉತ್ತರ ಕೊಡುತ್ತಾಳೆ ಎಂದು ಮಾಲಿನಿ ಕಾರಿನ ಹಿಂದೆ ನಿಂತು ದೂಡುವಾಗಲೆಲ್ಲ ಹೇಳುತ್ತಿದ್ದಳು.

ಮೊದಲ ವಾರವೇ ಕಾರನ್ನು ಇಡಗುಂಜಿಗೆ ಒಯ್ದು ಮಹಾಗಣಪತಿಯ ಎದುರು ಪೂಜೆ ಮಾಡಿಸಿದರು. ಚಕ್ರದಡಿಗೆ ನಿಂಬೆಹಣ್ಣು ಇಟ್ಟಾಯಿತು, ಕುಂಕುಮ ಹಚ್ಚಿಯಾಯಿತು, ಇನ್ನು ಮುಂದೆ ಹೋಗಿ ಹಣ್ಣು ಜಜ್ಜುವುದೊಂದೇ ಬಾಕಿ. ಕಾರು ಹೋಗಲಿಲ್ಲ. ಹಿಂದೆ ಹೊಸ ಬೈಕು, ಹೊಸ ಟೆಂಪೊ, ಹೊಸ ಟ್ರ್ಯಾಕ್ಟರುಗಳ ಸಾಲು ಬೆಳೆಯಿತು. ಕೊನೆಗೆ ಸೇವೆಗೆ ಬಂದ ಭಕ್ತರೆಲ್ಲ ಸೇರಿ ದೂಡಿದಾಗ ನಿಂಬೆಹಣ್ಣುಗಳು ಒಡೆದವು. ಹುಬ್ಬಳ್ಳಿಯಿಂದ ಬಂದ ಅಜ್ಜಿಯೊಬ್ಬಳು ಇದೂ ಒಂದು ಹರಕೆಯಿರಬೇಕು ಎಂದುಕೊಂಡು ತಾನೂ ಬಂದು ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡು ಹೋದಳು.

ಅದೇ ದಿನ ಸಂಜೆ ಶ್ರೀನಾಥರ ಫೋನ್ ಬಂತು. ಗಾಡಿ ಹೇಗಿದೆ ಎಂದು ವಿಚಾರಿಸಿದರು. ನಾಗಪತಿ ಅಂಗಿಗೆ ಮೆತ್ತಿದ ಗ್ರೀಸನ್ನು ಉಗುರಿನಿಂದ ಕೆರೆಯುತ್ತ, ಬೆಣ್ಣೆ ಹಾಂಗೆ ಓಡ್ತದೆ ಎಂದ.

ಇಲ್ಲಿಂದ ಸುರುವಾಯಿತು. ಬೀಗರ ಮನೆಯಿಂದ ಬಂದದ್ದಕ್ಕೆ ಹೆಸರಿಡಬಾರದು ಎಂಬುದನ್ನು ಆ ಕಡೆಯಲ್ಲಿ ಯಾರಿಗೂ ಕಲಿಸಿ ಕೊಡಬೇಕಾಗಿಲ್ಲ. ಬೀಗರು ಕೊಟ್ಟ ಸೀರೆಯ ಬಣ್ಣ ಹೋದರೆ ಒಗೆದವಳ ಕೈ ಸರಿಯಿಲ್ಲ. ಬೀಗರು ಕಳಿಸಿದ ಮಾವಿನಹಣ್ಣು ಹುಳಿಯಾದರೆ ತಿಂದವನ ನಾಲಗೆ ಸರಿಯಿಲ್ಲ. ನಾಗಪತಿ ಮರ್ಯಾದಸ್ಥ, ಸುಮ್ಮನಿದ್ದರೆ ಸಾಲದು, ಹೊಗಳಬೇಕು ಎಂಬಷ್ಟು ಮರ್ಯಾದಸ್ಥ. ತಾನು ಇಲ್ಲಿ ಒಂದು ಮಾತು ಆಡಿದರೆ ಅದು ಭಟ್ಕಳಕ್ಕೆ ಹೋಗಿ, ಆ ಮನೆಯ ಅಡುಗೆಮನೆ ಹೊಕ್ಕು, ಒಲೆಯ ಮುಂದೆ ನಿಂತ ಮಗಳ ತಲೆಯ ಮೇಲೆ ಬೀಳುತ್ತದೆ ಎಂದು ಅವನಿಗೆ ನಿಜವಾಗಿಯೂ ಹೆದರಿಕೆಯಿತ್ತು. ಹಾಗಾಗಿ ಪ್ರತಿ ವಾರ ಫೋನ್ ಬಂದಾಗಲೂ ಬೆಣ್ಣೆಯ ಮಾತೇ. ಕಾರು ಶರಾವತಿ ಸೇತುವೆಯ ನಟ್ಟ ನಡುವೆ ನಿಂತು ಎರಡೂ ಕಡೆ ಲಾರಿಗಳು ಕೂಗುತ್ತಿರುವಾಗ ಒಮ್ಮೆ ಫೋನ್ ಬಂತು. ಎಂತ ಶಬ್ದ ಬೀಗರೇ ಎಂದು ಕೇಳಿದರು. ಯಾರದ್ದೋ ಗಾಡಿ ಕೆಟ್ಟು ನಿಂತದೆ, ಪಾಪ, ಎಂದ ನಾಗಪತಿ.

ಸುಪ್ರಿಯಾಳೇ ಫೋನ್ ಮಾಡಿದರೂ ಅಷ್ಟೇ. ಪಕ್ಕದಲ್ಲಿ ಅತ್ತೆ ಕೂತಿರಬಹುದು, ಮಾವ ಕೇಳುತ್ತಿರಬಹುದು. ಮಗಳು ಅಪ್ಪಾ ಎನ್ನುವಷ್ಟರಲ್ಲಿ ಇವನು ಕಾರಿನ ಗುಣಗಾನಕ್ಕೆ ಇಳಿದುಬಿಡುತ್ತಿದ್ದ. ಮಾಲಿನಿ ಫೋನ್ ಕಿತ್ತುಕೊಳ್ಳಬೇಕಾಗುತ್ತಿತ್ತು.

ಮಾಲಿನಿಯ ತಂಗಿ ಸಂಸಾರ ಬೇಸಿಗೆ ರಜೆಗೆ ಬಂದಾಗ ಎಲ್ಲರನ್ನೂ ಓಂ ಬೀಚಿಗೆ ಕರೆದುಕೊಂಡು ಹೋದದ್ದು ಇದರಲ್ಲೆಲ್ಲ ದೊಡ್ಡ ಸಾಹಸ. ಇಳಿಯುವಾಗ ಕಾರು ತುಂಬಾ ಉತ್ಸಾಹದಿಂದ ಇಳಿಯಿತು, ಬ್ರೇಕಿಗೂ ಕಾಯಲಿಲ್ಲ. ಹತ್ತುವಾಗ ಏರಿನ ಅರ್ಧದಲ್ಲಿ ಒಂದು ನಿಟ್ಟುಸಿರು ಬಿಟ್ಟು ಮಲಗಿತು. ಕೆಳಗಿನ ಗುಡಿಸಲು ಹೋಟೆಲುಗಳಿಂದ ಚಡ್ಡಿ ತೊಟ್ಟ ಪ್ರವಾಸಿಗಳು ಬಂದು ದೂಡಿದರು. ದೂಡುವವರಿಗಿಂತ ಮೊಬೈಲಿನಲ್ಲಿ ಹಿಡಿಯುವವರು ಜಾಸ್ತಿ. ಆ ವಿಡಿಯೊ ಎಲ್ಲೆಲ್ಲಿ ತಿರುಗಿತೋ, ಶನಿಯಾರನ ಫೋನಿಗಂತೂ ಮರುದಿನವೇ ಬಂದಿತ್ತು. ಮಾಲಿನಿ ಅಂದು ಮನೆಗೆ ಬಂದವಳೇ ಮುಖ ಊದಿಸಿಕೊಂಡು ಕೂತಳು. ರಾತ್ರಿ ಊಟಕ್ಕೆ ಬಡಿಸುತ್ತ, ಈ ಕಬ್ಬಿಣವನ್ನು ಗುಜರಿಗೆ ಹಾಕಿ, ಇಲ್ಲ ಬೀಗರಿಗೆ ಇದ್ದದ್ದು ಇದ್ದ ಹಾಗೆ ಹೇಳಿ ಎಂದಳು.

"ಮಗಳು ಆ ಮನೇಲಿ ಬಾಳ್ವೆ ಮಾಡ್ಬೇಕಲ್ದನೆ," ಎಂದ ನಾಗಪತಿ. "ನಾನಾದ್ರೆ ದೂಡ್ಕಂಡು ಹೋಗ್ತೆ. ಅವಳನ್ನ ಯಾರೂ ಎಂತ ಅನ್ಬಾರ್ದು."

ಮಾಲಿನಿಗೆ ಅದರಲ್ಲಿ ಅರ್ಧ ಮಗಳ ಕಾಳಜಿ, ಅರ್ಧ ಬೀಗರ ಎದುರು ಬಾಗುವ ಚಟ ಕಂಡಿತು. ಎಲ್ಲಿ ಒಂದು ಮುಗಿದು ಇನ್ನೊಂದು ಸುರುವಾಗುತ್ತದೆ ಎಂದು ಗೊತ್ತಾಗದೆ ಅವಳು ಇನ್ನೊಂದು ಸೌಟು ಸಾರು ಬಡಿಸಿದಳು.

ಹೊಗಳಿಕೆಯ ಫಲ ಮಾಘ ಮಾಸದಲ್ಲಿ ಬಂತು. ಶ್ರೀನಾಥರ ಕಿರಿಮಗ ಸಂಜಯನಿಗೆ ಕುಮಟೆಯ ಹೆಣ್ಣು ಗೊತ್ತಾಗಿತ್ತು. ಮದುವೆ ಕುಮಟೆಯ ಕಲ್ಯಾಣಮಂಟಪದಲ್ಲಿ. ದಿಬ್ಬಣ ಭಟ್ಕಳದಿಂದ ಹೊರಡಬೇಕು. ಹಿರಿಯವನು ಮದುವೆಗೆ ಹೋದದ್ದು ಆ ಬಿಳಿ ಗಾಡಿಯಲ್ಲಿ, ಕಿರಿಯವನೂ ಅದರಲ್ಲೇ ಹೋಗಬೇಕೆಂದು ಮನೆಯವರ ಆಸೆ, ಹೇಗೂ ನಿಮ್ಮಲ್ಲಿ ಬೆಣ್ಣೆಯ ಹಾಗೆ ಓಡುತ್ತಿದೆಯಲ್ಲ, ನೀವೇ ಓಡಿಸಿಕೊಂಡು ಬನ್ನಿ ಎಂದು ಶ್ರೀನಾಥರು ಫೋನಿನಲ್ಲಿ ಹೇಳಿದರು. ನಾಗಪತಿ, ಅದಕ್ಕೆಂತ, ನಿಮ್ಮದೇ ಗಾಡಿ ಎಂದ. ಫೋನ್ ಇಟ್ಟ ಮೇಲೆ ಮಾಲಿನಿಯ ಮುಖ ನೋಡುವ ಧೈರ್ಯವಾಗದೆ ಹಿತ್ತಲಿಗೆ ಹೋಗಿ ಹೂವಿನ ಗಿಡಕ್ಕೆ ನೀರು ಹಾಕಿದ. ಮಾಲಿನಿ ಒಮ್ಮೆ ಹಾಕಿ ಮುಗಿಸಿದ ಗಿಡಕ್ಕೆ.

ಸೋಮ ಕಾರನ್ನು ವಾರವಿಡೀ ಬಿಚ್ಚಿ ಕಟ್ಟಿದ. ಭಟ್ಕಳಕ್ಕೆ ಹೋಗುವುದಕ್ಕೆ ಗ್ಯಾರಂಟಿ ಕೊಡುತ್ತೇನೆ, ಅಲ್ಲಿಂದ ಬರುವುದನ್ನು ಅಲ್ಲಿ ಹೋದ ಮೇಲೆ ನೋಡಿಕೊಳ್ಳೋಣ ಎಂದ. ದಾರಿಯಲ್ಲಿ ನಿಲ್ಲಿಸಬೇಡಿ, ಎಸಿ ಹಾಕಬೇಡಿ, ಏರಿನಲ್ಲಿ ಮಾತಾಡಬೇಡಿ ಎಂದೂ ಹೇಳಿದ. ಕೊನೆಯದು ಕಾರಿಗೋ ತನಗೋ ಎಂದು ನಾಗಪತಿ ಕೇಳಲಿಲ್ಲ. ಮದುವೆಯ ದಿನ ಬೆಳಿಗ್ಗೆ ಬೇಗ ಎದ್ದು, ಸ್ನಾನ ಮಾಡಿ, ಕಾರಿಗೂ ಸ್ನಾನ ಮಾಡಿಸಿ, ಇದ್ದಬದ್ದ ದೇವರಿಗೆಲ್ಲ ಹರಕೆ ಹೇಳಿಕೊಂಡು ಹೊರಟ. ಮಾಲಿನಿ ಮಾತ್ರ ತಾನು ನೇರ ಮಂಟಪಕ್ಕೇ ಬರುವುದಾಗಿ ಹೇಳಿ ಬಸ್ಸು ಹತ್ತಿದಳು. ರೇಷ್ಮೆ ಸೀರೆ ಉಟ್ಟು ದೂಡುವುದಕ್ಕೆ ತನ್ನಿಂದ ಸಾಧ್ಯವಿಲ್ಲ ಎಂದಳು.

ಕಾರು ಭಟ್ಕಳ ಮುಟ್ಟಿತು. ಮುಟ್ಟಿದ್ದು ನೋಡಿ ನಾಗಪತಿಗೇ ಆಶ್ಚರ್ಯವಾಯಿತು. ಮಲ್ಲಿಗೆ, ಸೇವಂತಿಗೆ ಕಟ್ಟಿ ಅದನ್ನು ಗುರುತು ಸಿಗದಷ್ಟು ಸಿಂಗರಿಸಿದರು. ಸಂಜಯ ಬಾಸಿಂಗ ಕಟ್ಟಿಕೊಂಡು ಹಿಂದೆ ಕೂತ. ಅವನ ಪಕ್ಕ ತಾಯಿ ಸೀತಕ್ಕ, ಮೈತುಂಬ ಬಂಗಾರ ಹಾಕಿಕೊಂಡು ಕೂತರು. ಶ್ರೀನಾಥರು, ಪ್ರಕಾಶ, ಹಿರಿಯರು ಹೊಸ ಕಾರಿನಲ್ಲಿ. ಉಳಿದವರೆಲ್ಲ ಮಿನಿ ಬಸ್ಸಿನಲ್ಲಿ. ಸುಪ್ರಿಯಾ ಮಿನಿ ಬಸ್ಸಿನ ಕಡೆಗೆ ಹೋಗುತ್ತಿದ್ದಳು. ನಾಗಪತಿ ಮುಂದಿನ ಬಾಗಿಲು ತೆಗೆದು, ಇಲ್ಲಿ ಬಾ ಮಗಾ, ಜಾಗ ಅದೆ ಎಂದು ಕರೆದ. ಅವಳು ಬೇಡ ಅಪ್ಪ ಎಂದಳು. ಸೀತಕ್ಕನೂ, ಅವಳು ಅಲ್ಲೇ ಬರಲಿ, ಹೆಂಗಸರ ಜೊತೆ ಆಗುತ್ತದೆ ಎಂದರು. ಇದೆಲ್ಲ ಉಪಚಾರದ ಮಾತು ಎಂದು ತಿಳಿದ ನಾಗಪತಿ ಮಗಳ ಕೈ ಹಿಡಿದು ತಂದು ಕೂರಿಸಿದ. ಸೀತಕ್ಕ ಕತ್ತಿನ ಸರ ಸರಿಮಾಡಿಕೊಂಡು ಕಿಟಕಿಯ ಕಡೆ ತಿರುಗಿದರು.

ಮುರ್ಡೇಶ್ವರ ದಾಟಿತು. ಮಂಕಿ ದಾಟಿತು. ಇಡಗುಂಜಿಯ ತಿರುವಿನಲ್ಲಿ ನಾಗಪತಿ ಸ್ಟೇರಿಂಗ್ ಬಿಡದೆ ಮನಸ್ಸಿನಲ್ಲೇ ಕೈಮುಗಿದ. ಸೇತುವೆ ದಾಟಿ ಹೊನ್ನಾವರ ಬಂತು, ಹೋಯಿತು. ಅವನಿಗೆ ಹಾಡಬೇಕೆನಿಸಿತು. ಬಹುಶಃ ಅದೇ ತಪ್ಪಾಯಿತು. ಕರ್ಕಿಯ ಏರಿನಲ್ಲಿ ಬಾನೆಟ್ಟಿನ ಸೇವಂತಿಗೆಗಳ ನಡುವಿನಿಂದ ತೆಳ್ಳಗೆ ಹೊಗೆ ಎದ್ದಿತು. ನೋಡಿದವರು ಊದಿನಕಡ್ಡಿ ಹಚ್ಚಿದ್ದಾರೆಂದೇ ತಿಳಿಯಬೇಕು. ಆಮೇಲೆ ಎರಡು ಸಲ ಬಿಕ್ಕಿ, ಕಾರು ನಿಂತಿತು.

ಮುಂದೆ ಹೋಗಿದ್ದ ಹೊಸ ಕಾರು ತಿರುಗಿ ಬಂತು, ಹಿಂದಿನಿಂದ ಮಿನಿ ಬಸ್ಸು ಬಂತು, ದಿಬ್ಬಣವೆಲ್ಲ ಇಳಿದು ರಸ್ತೆಯ ಬದಿಗೆ ಗುಂಪಾಯಿತು. ವಾದ್ಯದವರು ಏನು ಮಾಡುವುದೆಂದು ತಿಳಿಯದೆ ಸ್ವಲ್ಪ ಬಾರಿಸಿ ನಿಲ್ಲಿಸಿದರು. ಹಿಂದಿನ ಎಡ ಬಾಗಿಲು ಒಳಗಿನಿಂದ ತೆಗೆಯಲು ಬಾರದೆ ಸಂಜಯ ಬಾಸಿಂಗದ ಸಮೇತ ಕಿಟಕಿ ಬಡಿದ. ಬಿಡಿಸಿಕೊಂಡು ಹೊರಬಂದ ಸೀತಕ್ಕ ಎಂಜಿನ್ನಿನ ಕಡೆ ನೋಡಲಿಲ್ಲ, ನಾಗಪತಿಯ ಕಡೆಗೂ ನೋಡಲಿಲ್ಲ. ನೇರ ಸೊಸೆಯ ಮುಂದೆ ಬಂದು ನಿಂತರು.

"ನಾ ಹೇಳಿದ್ದೆ ಅಲ್ದ, ಬಸ್ಸಿಗೆ ಬಾ ಅಂತ," ಎಂದರು. ಸಿಟ್ಟಿನಿಂದಲ್ಲ, ಹಾಲು ಉಕ್ಕಿದ್ದಕ್ಕೆ ಬೇಸರಪಟ್ಟ ಹಾಗೆ.

ಸುಪ್ರಿಯಾ ರಸ್ತೆಯ ಆಚೆ ಬದಿಗೆ, ಕಾರಿನಿಂದ ದೂರ ಹೋಗಿ ನಿಂತಳು. ಯಾರೂ ಹೋಗು ಎಂದಿರಲಿಲ್ಲ. ಎಷ್ಟು ದೂರ ನಿಲ್ಲಬೇಕೆಂದು ಅವಳಿಗೆ ಮೊದಲೇ ಗೊತ್ತಿರುವಂತಿತ್ತು. ಬಾನೆಟ್ ಎತ್ತಲು ಹೋದ ನಾಗಪತಿ ಅರ್ಧದಲ್ಲಿ ಬಿಟ್ಟು, ಗಾಡಿ ನಿಂತರೆ ಅವಳೇನು ಮಾಡಿಯಾಳು ಎಂದು ಕೇಳಿದ. ನಗುತ್ತಲೇ ಕೇಳಿದ. ಬೀಗರ ಎದುರು ಅವನಿಗೆ ಬೇರೆ ಮುಖವಿರಲಿಲ್ಲ.

ಶ್ರೀನಾಥರು ಅವನ ಹೆಗಲ ಮೇಲೆ ಕೈಹಾಕಿ ಪಕ್ಕಕ್ಕೆ ಕರೆದರು. ಅವರು ಸಾಧು ಮನುಷ್ಯ, ಮೆತ್ತಗೆ ಮಾತಾಡುವವರು. ಟೈಲ್ಸಿನ ಒಡಕನ್ನು ಗಿರಾಕಿಗೆ ವಿವರಿಸುವ ಸಮಾಧಾನದಲ್ಲಿ ಹೇಳಿದರು:

"ನಿಮ್ಮತ್ರ ಮುಚ್ಚಿಡೂದು ಎಂತಕ್ಕೆ ಬೀಗರೇ. ಅವಳು ನಮ್ಮನೆಗೆ ಕಾಲಿಟ್ಟ ಮೇಲೇ ಗಾಡಿ ನಿಲ್ಲೂಕೆ ಸುರುವಾದ್ದು. ಅವಳು ಕೂತ್ರೆ ಗಾಡಿ ನಿಂತ್ತು ಅಂತಲೇ. ಕಾಲ್ಗುಣ, ಅವಳ ತಪ್ಪಲ್ಲ, ನಾವು ಬೈಯ್ಯೂದೂ ಇಲ್ಲ. ಪ್ರಸಾದ ಕೇಳಿದ್ವಿ, ಗಾಡಿ ತೌರಿಗೆ ಹೋದ್ರೆ ದೋಷ ಹೋಗ್ತದೆ ಅಂತ ಬಲಕ್ಕೆ ಬಂತು. ಮದ್ಲು ನಮಗೂ ಪೂರಾ ನಂಬಿಕೆ ಇರ್ಲಿಲ್ಲ. ನಿಮ್ಮಲ್ಲಿ ಬಂದು ಬೆಣ್ಣೆ ಹಾಂಗೆ ಓಡ್ತದೆ ಅಂತ ನೀವೇ ವಾರ ವಾರ ಹೇಳಿದ್ರಲ್ಲ, ಆಗ ಗೊತ್ತಾತು."

ನಾಗಪತಿಯ ಮುಖದ ಮೇಲೆ ನಗು ಹಾಗೇ ಇತ್ತು. ಅದನ್ನು ತೆಗೆಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಮಗಳ ತಲೆಯ ಮೇಲೆ ಒಂದು ಮಾತು ಬೀಳಬಾರದೆಂದು ತಾನು ಆಡಿದ ಒಂದೊಂದು ಸುಳ್ಳೂ ನೇರ ಹೋಗಿ ಅವಳ ಹಣೆಗೆ ಬಡಿದಿತ್ತು. ಸೇತುವೆಯ ಮೇಲೆ ನಿಂತು ಹೇಳಿದ್ದು, ಮೈಯೆಲ್ಲ ಗ್ರೀಸಾಗಿ ಹೇಳಿದ್ದು, ಓಂ ಬೀಚಿನಿಂದ ಬಂದು ಮಾಲಿನಿಯ ಊದಿದ ಮುಖ ನೋಡುತ್ತಲೇ ಹೇಳಿದ್ದು, ಎಲ್ಲವೂ. ಇವನು ಇಲ್ಲಿ ಕಾರನ್ನು ಹೊಗಳುತ್ತಿದ್ದ, ಅಲ್ಲಿ ಅವರು ಅದನ್ನೇ ಮಗಳ ಕಾಲಿನ ಮೇಲಿನ ತೀರ್ಪಾಗಿ ಬರೆದುಕೊಳ್ಳುತ್ತಿದ್ದರು. ಬೀಗರ ಮೇಲಿನ ಸಿಟ್ಟು ಎಷ್ಟೋ, ತನ್ನ ಮೇಲಿನ ಅಸಹ್ಯ ಅದಕ್ಕಿಂತ ಹೆಚ್ಚು.

ಶ್ರೀನಾಥರ ಕೈಯನ್ನು ಹೆಗಲಿನಿಂದ ಇಳಿಸಿದ. ದಿಬ್ಬಣದ ನಡುವೆ ಬಂದು ನಿಂತ. ಆಮೇಲೆ ತುಂಬಿದ ಬಸ್ಸಿನ ಹಿಂದಿನ ಸೀಟಿಗೂ ಕೇಳುವಂತೆ ಜೀವಮಾನವಿಡೀ ಕೂಗಿದ ಆ ದನಿಯಲ್ಲಿ ಸ್ಟಾಪುಗಳನ್ನು ಕೂಗಲು ಸುರುಮಾಡಿದ.

"ಇಡಗುಂಜಿ, ಗಣಪತಿಯ ಎದುರೇ ನಿಂತದೆ. ಮಂಕಿ, ನಿಂತದೆ. ಕಾಸರಕೋಡು, ನಿಂತದೆ. ಶರಾವತಿ ಸೇತುವೆ, ನಡೂ ಮಧ್ಯೆ. ಹೊನ್ನಾವರ ಗೇರುಸೊಪ್ಪಾ ಸರ್ಕಲ್, ಪೊಲೀಸ್ರು ದೂಡಿದ್ರು. ಕರ್ಕಿ, ಇದೇ ಜಾಗ, ಮದ್ಲೂ ನಿಂತದೆ. ಹಳದೀಪುರ, ನನ್ನ ಮನೆ ಮುಂದೆ, ದಿನಾ. ಧಾರೇಶ್ವರ. ಕುಮಟೆ ಪೇಟೆ. ಸಂತೆಗುಳಿ ರಸ್ತೆ, ಎತ್ತು ಕಟ್ಟಿ ಎಳೆಸಿದೆ. ಓಂ ಬೀಚ್, ಇಡೀ ಪ್ರಪಂಚ ನೋಡ್ತು. ಒಂದರಲ್ಲೂ ನನ್ನ ಮಗಳು ಕೂತಿರ್ಲಿಲ್ಲ."

ಮಿನಿ ಬಸ್ಸಿನ ಡ್ರೈವರ್, ಹೌದು, ಸರ್ಕಲ್ಲಿನಲ್ಲಿ ನಿಂತದ್ದು ನಾನೇ ನೋಡಿದ್ದೇನೆ ಎಂದ. ಪ್ರಕಾಶ ತನ್ನ ಚಪ್ಪಲಿ ನೋಡುತ್ತಿದ್ದ. ಇಷ್ಟು ದಿನವೂ ಅವನು ನೋಡಿದ್ದು ಅದನ್ನೇ ಇರಬೇಕು. ಶ್ರೀನಾಥರು ಬಹಳ ನೊಂದವರಂತೆ, ಹಾಗಾದರೆ ನಮ್ಮ ಹತ್ತಿರ ಸುಳ್ಳು ಹೇಳಿದಿರಾ ಎಂದು ಕೇಳಿದರು. ನಾಗಪತಿ ಹೌದು ಎಂದ. ಬೀಗರಿಗೆ ಅವನು ಹೇಳಿದ ಮೊದಲ ಸತ್ಯ ಅದು, ಆದರೆ ಅದರಿಂದ ಆಗಬೇಕಾದದ್ದು ಏನೂ ಆಗಲಿಲ್ಲ. ಸೀತಕ್ಕ ಕ್ಷಣ ಯೋಚಿಸಿ, ತೌರಿನಲ್ಲೂ ನಿಂತಿದೆ ಎಂದರೆ ಕಾಲ್ಗುಣ ಇವಳೊಬ್ಬಳದ್ದಲ್ಲ, ಆ ಮನೆಯದ್ದೇ ಇರಬೇಕು ಎಂದು ಪಕ್ಕದವಳಿಗೆ ಹೇಳಿದರು. ಪಕ್ಕದವಳು ಹೌದೆಂದು ತಲೆಯಾಡಿಸಿದಳು.

ಹೊಸ ಕಾರಿಗೆ ಸಂಜಯನನ್ನು ಹತ್ತಿಸಬಹುದಿತ್ತು. ಆದರೆ ಸೀತಕ್ಕನಿಗೆ ಈಗ ದಿಬ್ಬಣದ ಕಾರು, ಮಿನಿ ಬಸ್ಸು ಯಾವುದರ ಮೇಲೂ ಧೈರ್ಯವಿರಲಿಲ್ಲ. ಮುಹೂರ್ತ ಮೀರುತ್ತಿದೆಯೆಂದು ಮದುಮಗ ಅಳುವಂತಾಗಿದ್ದ. ಅಷ್ಟರಲ್ಲಿ ಕುಮಟೆಯ ಬಸ್ಸು ಬಂತು. ಬಾಗಿಲಲ್ಲಿ ಶನಿಯಾರ. ಬಾಯಿ ತೆರೆದವನು ಹೂವಿನ ಕಾರು, ಬಾಸಿಂಗ, ನಾಗಪತಿಯ ಮುಖ ಎಲ್ಲ ನೋಡಿ ಬಾಯಿ ಮುಚ್ಚಿದ. ಸೀಟಿ ಊದಿ ಬಸ್ಸು ನಿಲ್ಲಿಸಿದ.

ಎಲ್ಲರೂ ಬಾಗಿಲಿಗೆ ನುಗ್ಗಿದರು. ಸೀತಕ್ಕ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹಿಂದೆ ತಿರುಗಿ, ಸುಪ್ರಿಯಾ ಮುಂದಿನ ಬಸ್ಸಿಗೆ ಬರಲಿ, ಇದೊಂದು ಸರಿಯಾಗಿ ಮುಟ್ಟಲಿ ಎಂದರು. ನಾಗಪತಿ ರಸ್ತೆ ದಾಟಿ ಹೋಗಿ ಮಗಳ ಕೈ ಹಿಡಿದು ತಂದ.

"ಬೀಗಿತೀ, ಕಾಲು ತೆಗೀರಿ," ಎಂದ. "ಅವಳು ಮದ್ಲು ಹತ್ತೂದು."

ಜೀವಮಾನದಲ್ಲಿ ಹೆಣ್ಣಿನ ತಂದೆ ಹೀಗೆ ಮಾತಾಡಿದ್ದನ್ನು ಕೇಳಿರದ ಸೀತಕ್ಕ ಗಾಬರಿಯಲ್ಲಿ ಕಾಲು ತೆಗೆದರು. ಸುಪ್ರಿಯಾ ಹತ್ತಿದಳು. ಆಮೇಲೆ ಮದುಮಗ, ಆಮೇಲೆ ಉಳಿದವರು. ಮೀನಿನ ಬುಟ್ಟಿಯ ಹೆಂಗಸೊಬ್ಬಳು ಸರಿದು ಬಾಸಿಂಗಕ್ಕೆ ಜಾಗ ಕೊಟ್ಟಳು. ಶನಿಯಾರ ಸೀತಕ್ಕನ ಮುಂದೆ ನಿಂತು, ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಆದರೆ ಆಧಾರ್ ಕಾರ್ಡ್ ತೋರಿಸಬೇಕು ಎಂದ. ಅಷ್ಟು ಬಂಗಾರದ ನಡುವೆ ಅದೊಂದು ಅವರ ಬಳಿ ಇರಲಿಲ್ಲ. ತಡಕಾಡಿ ತಡಕಾಡಿ, ಕೊನೆಗೆ ದುಡ್ಡು ಕೊಟ್ಟರು.

ಬಸ್ಸು ಹಳದೀಪುರ ದಾಟಿತು, ಧಾರೇಶ್ವರದ ಕಡೆ ಓಡಿತು. ನಾಗಪತಿ ಮಗಳ ಪಕ್ಕ ಕೂತಿದ್ದ. ಕಾರಿನ ಕೀಲಿ ಇನ್ನೂ ಕೈಯಲ್ಲೇ ಇತ್ತು. ಇಷ್ಟೆಲ್ಲ ಕೂಗಿ ಹೇಳಿದ ಮೇಲೆ ಎದೆ ಹಗುರಾಗಬೇಕಿತ್ತು, ಆಗಲಿಲ್ಲ. ಆ ಮನೆಯಲ್ಲಿ ಅವಳು ದಿನ ಹೇಗೆ ಕಳೆದಳೋ ಎಂದು ಈಗ ಯೋಚನೆ ಬರುತ್ತಿತ್ತು. ಹೊಸ ಕಾರಿನಲ್ಲಾದರೂ ಕೂರಿಸಿಕೊಳ್ಳುತ್ತಿದ್ದರೇ ಎಂದು ಕೇಳಿದ.

"ಅದರ ಬಾಗ್ಲು ಯಾವ ಬದಿಗೆ ತೆಗೀತದೆ ಅಂತ್ಲೂ ನಂಗೆ ಗೊತ್ತಿಲ್ಲ ಅಪ್ಪ," ಎಂದಳು ಸುಪ್ರಿಯಾ. ಅವಳ ದನಿಯಲ್ಲಿ ದೂರೇನೂ ಇರಲಿಲ್ಲ. ಅವರೆಲ್ಲ ಕಾರಿನಲ್ಲಿ ಹೋದ ಕಡೆಗೆಲ್ಲ ತಾನು ಬಸ್ಸಿಗೆ ಹೋಗುತ್ತಿದ್ದೆ, ಅಭ್ಯಾಸವಾಗಿದೆ ಎಂದಳು.

ನಾಗಪತಿಗೆ ತಡೆಯಲಾಗಲಿಲ್ಲ. ಇಷ್ಟೆಲ್ಲ ಆಗಿ, ಅಪ್ಪ ಅಂತ ಒಬ್ಬ ಹಳದೀಪುರದಲ್ಲಿ ಬದುಕಿರುವಾಗ, ಒಂದೇ ಒಂದು ಮಾತು ನನಗೆ ಹೇಳಬಾರದಿತ್ತೇ ಎಂದು ಕೇಳಿಯೇಬಿಟ್ಟ.

ಸುಪ್ರಿಯಾ ಕಿಟಕಿಯ ಹೊರಗೆ ನೋಡುತ್ತಿದ್ದಳು.

"ಹೇಳೂಕೇ ಫೋನ್ ಮಾಡ್ತಿದ್ದೆ," ಎಂದಳು. "ಎತ್ತಿದ ಕೂಡ್ಲೇ ನೀ ಗಾಡಿ ಹೊಗಳೂಕೆ ಸುರು ಮಾಡ್ತಿದ್ದೆ."